ಎರಡು ಅಂದರೆ ಎಷ್ಟು

ಹಿಂದಿನ ಮಡಚು ಸೀಟಿನಲ್ಲಿ ನಾನು.
ಮೊಣಕಾಲ ಮೇಲೆ ಹಲಗೆ, ಹಲಗೆಗೆ ಕಟ್ಟಿದ ಗಡಿಯಾರ.
ಐದು ನಿಮಿಷಕ್ಕೊಮ್ಮೆ ಕೇಳುವುದು ನನ್ನ ಕೆಲಸ:
"ಈಗ ಎಷ್ಟು?"
ಒಂದೆಂದರೆ ತಲೆ ಖಾಲಿ, ಒಂಬತ್ತೆಂದರೆ ತುಂಬಿ ತುಳುಕಿದೆ.
ನಡುವಿನದನ್ನೆಲ್ಲ ಅವಳೇ ಹೇಳಬೇಕು.

"ಎರಡು," ಅನ್ನುತ್ತಾಳೆ ರಿಸ್ತೆನ್, ತಿರುಗದೆ.

ಕಿರುನಾ ಬಿಟ್ಟು ಇಪ್ಪತ್ತು ನಿಮಿಷ.
ಬೆನ್ನಿಗೆ ಅರವತ್ತೆಂಟು ಬೋಗಿ ಕಬ್ಬಿಣದ ಅದಿರು,
ಮುಂದೆ ದೀಪ ಅಗೆದಷ್ಟೇ ದಾರಿ.
ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ರಜೆ ಹಾಕುತ್ತಾನೆ;
ಹನ್ನೊಂದರ ಹೊತ್ತಿಗೆ ದಕ್ಷಿಣದಂಚು
ಹಿಂಡಿ ಹರವಿದ ನೀಲಿ ಬಟ್ಟೆಯಷ್ಟು ಬೆಳಗಿ
ಮತ್ತೆ ಮಡಚಿಕೊಳ್ಳುತ್ತದೆ.

ಅದಿರು ತೂಗುವುದು ಸುಲಭ. ಗಣಿಯ ಬಾಯಲ್ಲೇ ಕಾಟಾ,
ಬೋಗಿ ಬೋಗಿಯ ಲೆಕ್ಕ ಚೀಟಿಯಲ್ಲಿ ಬರುತ್ತದೆ.
ಇವಳ ತಲೆಯ ಹೊರೆಗೆ ನಾನು
ಎದೆಗೆ ಎರಡು ಬಿಲ್ಲೆ ಅಂಟಿಸಿದ್ದೇನೆ,
ಕಣ್ಣು ಎಲ್ಲಿ ಹೋಯಿತೆಂದು ಬರೆದಿಡುವ ಕನ್ನಡಕ ಹಾಕಿಸಿದ್ದೇನೆ.
ಬೆಳಿಗ್ಗೆ ನಕ್ಕಿದ್ದಳು:
"ನಮ್ಮವರನ್ನು ಎಷ್ಟು ಅಂತ ಕೇಳಬಾರದು,
ಹಿಮಸಾರಂಗದ ಹಿಂಡಿನ ವಿಷಯದಲ್ಲಿ. ಮರ್ಯಾದೆಯಲ್ಲ.
ನೀನು ಕೇಳು, ಇದು ಬರೀ ತಲೆ."

ಕಾಲಡಿಯ ಪೆಡಲೂ ಆಗಾಗ ಕೇಳುತ್ತದೆ: ಇದ್ದೀಯಾ?
ಒತ್ತುತ್ತಾಳೆ: ಇದ್ದೇನೆ.
ಒತ್ತದಿದ್ದರೆ ಸೀಟಿ ಕೂಗಿ, ಗಾಡಿ ತಾನೇ ನಿಲ್ಲುತ್ತದೆ.
ಎಣಿಸಲು ಹೊರಟು ಇನ್ನೂರರ ಮೇಲೆ ತಪ್ಪಿದೆ.
ನಮ್ಮ ಮನೆಯಲ್ಲಿ ಯಾರೂ ಯಾರನ್ನೂ
ಇಷ್ಟು ಸಲ ಕೇಳಿದ್ದಿಲ್ಲ.

"ಈಗ ಎಷ್ಟು?"
"ಎರಡು."

ತೋರ್ನೆ ಸರೋವರದ ದಂಡೆ. ಹಸಿರು ದೀಪ, ಮತ್ತೆ ಹಸಿರು.
ಮಾಡಲು ಏನೂ ಇಲ್ಲ; ಕಣ್ಣಲ್ಲಿ ಕಣ್ಣಿಟ್ಟು
ಆ ಏನೂ ಇಲ್ಲದ್ದನ್ನು ಕಾಯಬೇಕು.
ನನ್ನ ಕಾಗದದಲ್ಲಿ ಆರು ಗೆರೆಗಳಿವೆ,
ಅವಸರಕ್ಕೊಂದು, ಶ್ರಮಕ್ಕೊಂದು, ಸಿಡುಕಿಗೊಂದು.
ಇದಕ್ಕೆ ಗೆರೆಯಿಲ್ಲ.

ಅಬಿಸ್ಕೊ ದಾಟಿ ಒಂದು ತಿರುವು.
ಬೇಲಿ, ಕುಳ್ಳ ಬರ್ಚ್ ಗಿಡ, ಕಿಲೋಮೀಟರು ಕಲ್ಲು. ಅಷ್ಟೇ.
ಪರದೆಯ ಮೇಲೆ ಅವಳೆದೆ
ಎಪ್ಪತ್ತರಿಂದ ನೂರಹದಿನೆಂಟಕ್ಕೆ ಹಾರಿತು.
ಕನ್ನಡಕ ಬರೆಯಿತು: ಹಳಿಯಲ್ಲಲ್ಲ, ಎಡಕ್ಕೆ, ಬೇಲಿಯ ಬುಡಕ್ಕೆ.
ಅಷ್ಟರಲ್ಲೇ ಗಡಿಯಾರ ಕಿಣಿಗುಟ್ಟಬೇಕೆ!
"ಈಗ ಎಷ್ಟು?"

ಅಳೆದೂ ಸುರಿದೂ
"ಎರಡು" ಅಂದಳು.

ಗಡಿಯ ನಿಲ್ದಾಣದಲ್ಲಿ, ಎದುರು ಗಾಡಿಗೆ ಕಾಯುತ್ತಾ,
ಫ್ಲಾಸ್ಕಿನ ಮುಚ್ಚಳದಲ್ಲಿ ನನಗೆ ಕಾಫಿ ಕೊಟ್ಟು ಹೇಳಿದಳು:
"ಹಿಮ ಆಳವಾದರೆ ಅವು ಹಳಿ ಹಿಡಿದು ನಡೆಯುತ್ತವೆ,
ಕಾಲಿಗೆ ಸುಲಭ ಅಂತ.
ಬ್ರೇಕು ಹಾಕಿದೆ. ಹಾಕಿದ ಕೂಡಲೇ ನಿಲ್ಲುವ ಜಾತಿಯಲ್ಲ ಇದು.
ಸತ್ತವನ್ನು ಎಣಿಸಬಹುದು. ಹದಿನೇಳು.
ಯಾರವು ಅಂತ ತಿಳಿಯಲು ಕಿವಿ ನೋಡಬೇಕು,
ಕರುವಿದ್ದಾಗ ಕೊಯ್ದ ಗುರುತಿರುತ್ತದೆ.
ಟಾರ್ಚು ಹಿಡಿದು ಒಂದೊಂದೇ ಕಿವಿ ನೋಡಿದೆ.
ನನ್ನ ತಮ್ಮನವು."

ಪರಿಹಾರ ಬಂತಂತೆ. ತಮ್ಮ ಏನೂ ಅನ್ನಲಿಲ್ಲವಂತೆ.
ಮೂರು ವರ್ಷವಾಯಿತು, ಈಗಲೂ ಏನೂ ಅನ್ನುವುದಿಲ್ಲ.

"ಮತ್ತೆ ಎರಡು ಅಂದೆ?"

"ನೀನು ಕೇಳಿದ್ದು ಗಾಡಿ ಓಡಿಸುವ ಹೊರೆ.
ಗಾಡಿ ಓಡಿಸುವುದು ಎರಡೇ."

ಆಮೇಲೆ ಸಮುದ್ರದ ತನಕ ಇಳಿಜಾರು.
ಅದಿರೇ ಗಾಡಿಯನ್ನು ತಳ್ಳುತ್ತದೆ; ತಡೆದಷ್ಟೂ ಕರೆಂಟು ಹುಟ್ಟಿ
ತಂತಿಗೆ ಹೋಗಿ, ಏರುವ ಖಾಲಿ ಗಾಡಿಗೆ ಸಿಗುತ್ತದೆ ಅಂದಳು,
ತಾನೇ ಕರೆದ ಹಾಲಿನ ಲೆಕ್ಕ ಒಪ್ಪಿಸುವವಳಂತೆ.

ನಾರ್ವಿಕ್‌ನಲ್ಲಿ ಅದಿರು ಸುರಿದು ಮರಳುವಾಗ
ಬೋಗಿಗಳೆಲ್ಲ ತಗಡಿನ ಡಬ್ಬಿಗಳಂತೆ ಸದ್ದು.
ಅದೇ ತಿರುವು, ಈಗ ಬೇಲಿ ಬಲಕ್ಕೆ.
ಗಡಿಯಾರ ಕಿಣಿಗುಟ್ಟಿತು. ಅಂಗೈಯಿಂದ ಅದರ ಬಾಯಿ ಮುಚ್ಚಿದೆ.
ನಾನೂ ಬೇಲಿಯ ಬುಡ ನೋಡಿದೆ. ಹಿಮ.
ಚೌಕ ಖಾಲಿ ಬಿಟ್ಟೆ;
ಮೇಲಿನವರು ಕೇಳಿದರೆ ಹೇಳಲು ಒಂದು ಸುಳ್ಳು ಹುಡುಕುತ್ತಿದ್ದೆ.

ಪೆಡಲು ಮಾತ್ರ ಬಿಡಲಿಲ್ಲ, ಕೇಳಿತು.
ಒತ್ತಿದಳು.